ಹುಡುಗನ ತಾಯಿ

ಸಿಂಧನೂರಿನ ಸಂಶೋಧಕರೊಬ್ಬರು ಈ ಸಲ ಹೊಸ ವಿಷಯ ಹಿಡಿದಿದ್ದಾರೆ: ನೀಲಾಂಬಿಕೆಯ ಅಲಕ್ಷಿತ ಬದುಕು. ಬಸವಣ್ಣನವರ ಮೇಲೆ ಬರೆಯಲು ಜಾಗ ಉಳಿದಿಲ್ಲ. ಭಕ್ತಿ, ಕಾಯಕ, ಆರ್ಥಿಕ ನೀತಿ, ಆಡಳಿತ ಕೌಶಲ, ಎಲ್ಲಕ್ಕೂ ಡಾಕ್ಟರೇಟ್ ಆಗಿಹೋಗಿದೆ. ಗಂಡನ ದಾಸ್ತಾನು ಖಾಲಿಯಾದ ಮೇಲೆ ಹೆಂಡತಿಯ ನೆನಪಾಗುವುದು ವಿದ್ವತ್ ಲೋಕದ ಪದ್ಧತಿ.

ಮೊದಲ ಅಧ್ಯಾಯ ಬಸವಣ್ಣನವರ ಕಾಲ. ಎರಡನೆಯದು ಬಸವಣ್ಣನವರ ಜೀವನ. ಮೂರನೆಯದು ಅನುಭವ ಮಂಟಪ. ನಾಲ್ಕನೆಯದರ ಕೊನೆಗೆ ನೀಲಮ್ಮ ಮದುವೆಯಾಗಿ ಬರುತ್ತಾರೆ, ಐದನೆಯದರ ಆರಂಭದಲ್ಲೇ ಐಕ್ಯ. ನಡುವೆ ದಾಸೋಹದ ಅಡುಗೆಗೆ ಅರ್ಧ ಪುಟ.

‘ಆಧಾರ ಸಿಗಂಗಿಲ್ರಿ’ ಎನ್ನುತ್ತಾರೆ. ‘ಸಂಗಯ್ಯ’ ಅಂಕಿತದ ನೂರಕ್ಕೂ ಹೆಚ್ಚು ವಚನ ಅಚ್ಚಾಗಿ ಕೂತಿವೆ. 1993ರ ಸಮಗ್ರ ವಚನ ಸಂಪುಟಗಳಲ್ಲಿ ಮೊದಲನೆಯದು ಪೂರಾ ಬಸವಣ್ಣನವರದು. ಗಂಗಾಂಬಿಕೆ, ನೀಲಾಂಬಿಕೆ, ಅಕ್ಕನಾಗಮ್ಮ ಸಮೇತ ಶರಣೆಯರೆಲ್ಲ ಐದನೆಯದರಲ್ಲಿ, ಮದುವೆಮನೆಯ ಒಂದೇ ಖೋಲಿಯಲ್ಲಿ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿದಂತೆ. ಅದನ್ನು ತೆರೆಯಿರಿ ಎಂದರೆ, ‘ಆಕಿ ಬಗ್ಗೆ ಆಕೀನೇ ಹೇಳಿದ್ದು ಹೆಂಗ ಆಧಾರ ಆಗ್ತದ?’

ಗಂಡ ಹಡಪದ ಅಪ್ಪಣ್ಣನನ್ನು ಕಳಿಸಿ ಸಂಗಮಕ್ಕೆ ಕರೆದಾಗ, ಸಂಗಯ್ಯ ಅಲ್ಲಿದ್ದಾನೆ, ಇಲ್ಲಿಲ್ಲವೇ ಎಂದು ಕೇಳಿದ ಹೆಂಗಸು ಈಕೆ ಎನ್ನುತ್ತದೆ ಪರಂಪರೆ. ತತ್ವಜ್ಞಾನಿಗೇ ತತ್ವ ಹೇಳಿದ ಆ ಮಾತು ನಮ್ಮವರ ಪ್ರಬಂಧದಲ್ಲಿ ‘ಪತಿಭಕ್ತಿ’ ಎಂಬ ಉಪಶೀರ್ಷಿಕೆಯಡಿ ಬಿದ್ದಿದೆ.

ಕ್ಷೇತ್ರಕಾರ್ಯವೂ ಆಯಿತೆನ್ನಿ. ನೀಲಮ್ಮ ಐಕ್ಯರಾದ ತಂಗಡಗಿ ಇರುವುದು ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣೆಯ ದಂಡೆಯಲ್ಲಿ. ಮಸ್ಕಿ, ಲಿಂಗಸುಗೂರು ದಾಟಿ ಹೋಗಬೇಕು. ಇವರು ಮಸ್ಕಿಯಲ್ಲೇ ಇಳಿದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರ ಹುಡುಕಿಕೊಂಡು ಬಂದರೆ ಇಲ್ಲಿಯ ಬಂಡೆಯಲ್ಲಿ ಸಿಕ್ಕಿದ್ದು ಅಶೋಕನ ಹೆಸರು. ಹುಡುಕದಿದ್ದರೂ ಸಿಗುವ ಹೆಸರು ಗಂಡಸರದು! ಅವನ ರಾಣಿ ಕಾರುವಾಕಿಗೆ ಆ ಯೋಗವಿಲ್ಲ. ತಾನು ಕೊಟ್ಟ ಮಾವಿನತೋಪು, ದಾನಶಾಲೆ ತನ್ನ ಲೆಕ್ಕಕ್ಕೇ ಬರಲಿ ಎಂದು ರಾಜಾಜ್ಞೆಯೇ ಬೇಕಾಯಿತು. ಪ್ರಯಾಗದ ಕಂಬದ ಆ ಶಾಸನದಲ್ಲೂ ಆಕೆ ಮೊದಲು ಎರಡನೆಯ ರಾಣಿ, ಆಮೇಲೆ ತೀವರನ ತಾಯಿ, ಕಡೆಗೆ ಕಾರುವಾಕಿ.

ಲಿಂಗಸುಗೂರಿನಲ್ಲಿ ಊಟ, ಅಲ್ಲಿಂದ ವಾಪಸ್.

ಈಗ ಪ್ರಬಂಧ ಸಿದ್ಧ. ಟೈಪ್ ಮಾಡಿದ್ದು, ಕಾಗುಣಿತ ತಿದ್ದಿದ್ದು, ಐದನೆಯ ಸಂಪುಟ ಓದಿದ್ದು ಎಲ್ಲವೂ ಅವರ ಮನೆಯವರೇ. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರು, ಶಾಸಕರು, ಮೂವರು ರೈಸ್‌ಮಿಲ್ ಮಾಲೀಕರು ಹೆಸರು, ಪದವಿ ಸಮೇತ ಇದ್ದಾರೆ. ಮನೆಯವರ ಹೆಸರೇ ಇಲ್ಲವಲ್ಲ ಎಂದೆ.

‘ಐತಲ್ರೀ! ಕಡೀ ಸಾಲು ನೋಡ್ರಿ. ನಮ್ಮ ಹುಡುಗನ ತಾಯಿ ಅಂತ ಹಾಕೀನಿ.’