ದಾಸವಾಳದ ಮುಡಿ

ನಮ್ಮನೆ ದಾಸವಾಳದ ಗಿಡ ನಮ್ಮದು; ಹೂ ಬೀದಿಯದು. ಶಿವಮೊಗ್ಗದಲ್ಲಿ ಮನೆ ಕಟ್ಟಿದ 1988ರಲ್ಲಿ ಅಮ್ಮ ನೆಟ್ಟ ಗಿಡ ಅದು. ಅಲ್ಲಿಂದ ಈಚೆಗೆ ಕತ್ತಿ ಸೋಕದೆ ಬೆಳೆದದ್ದರ ಫಲವಾಗಿ ಬುಡದಲ್ಲಿ ತೋಳುಗಾತ್ರದ ಒಂಬತ್ತು ಬೋಳು ಕಾಂಡ, ತುದಿಯಲ್ಲೊಂದು ಹಸಿರು ಕೊಡೆ. ಆ ಕೊಡೆಯೂ ಬಿಸಿಲು ಹುಡುಕಿಕೊಂಡು ಕಾಂಪೌಂಡಿನಾಚೆ ಬಾಗಿತ್ತು. ನೀರು, ಗೊಬ್ಬರ, ಹಿಟ್ಟುತಿಗಣೆ ಹತ್ತಿದಾಗ ಸೋಪಿನ ನೀರಿನ ಸ್ನಾನ, ಎಲ್ಲ ನಮ್ಮ ಖರ್ಚು. ಹೂ ಮಾತ್ರ ಬೆಳಗಿನ ವಾಕಿಂಗಿನವರ ಮನೆದೇವರುಗಳಿಗೆ. ಅವರಲ್ಲೆಲ್ಲ ಹಿರಿಯರಾದ ರಾಯರೊಬ್ಬರು ದೋಟಿ ಹಿಡಿದೇ ವಾಕಿಂಗ್ ಹೊರಡುತ್ತಿದ್ದರು. ನಾನು ಗೇಟಿನಲ್ಲಿ ಕಂಡರೆ ದೋಟಿಯನ್ನು ಊರುಗೋಲು ಮಾಡಿಕೊಂಡು ಒಂದಿಷ್ಟು ದೂರ ಕುಂಟುತ್ತಿದ್ದರು. ನಮ್ಮ ದೇವರು ತುಳಸಿಯಲ್ಲೇ ತೃಪ್ತಿಪಡುತ್ತಿದ್ದ.

ಸವರಿಸೋಣ ಎಂದಾಗಲೆಲ್ಲ ಅಮ್ಮನದು ಒಂದೇ ಮಾತು: "ಹೂ ಬಿಡೋ ಗಿಡಕ್ಕೆ ಕತ್ತಿ ಹಾಕ್ತಾರೇನೋ? ನಿನಗೂ ವಯಸ್ಸಾಯ್ತು ಅಂತ ಕೈಕಾಲು ಕಡಿಯೋಕೆ ಆಗುತ್ತಾ?" ಇದಕ್ಕೆ ಉತ್ತರ ಹೇಳಲು ಹೋದರೆ ನನ್ನ ವಯಸ್ಸಿನ ಚರ್ಚೆ ಶುರುವಾಗುತ್ತದೆಂದು ಸುಮ್ಮನಾಗುತ್ತಿದ್ದೆ.

ಹೋದ ಮಾಘದಲ್ಲಿ ತೀರ್ಥಹಳ್ಳಿ ಕಡೆಯಿಂದ ಭಾವ ಬಂದರು. ಅಡಿಕೆ ತೋಟದವರು. ಗಿಡವನ್ನು ಬುಡದಿಂದ ತುದಿತನಕ ನೋಡಿ, "ಇದರ ಹೂ ಇಳಿಸೋಕೆ ಅಡಿಕೆ ಮರ ಹತ್ತೋ ಕೊನೆಗೌಡನ್ನೇ ಕರೆಸಬೇಕಲ್ಲೋ ಮಾರಾಯಾ" ಎಂದರು. ಆಮೇಲೆ ಒಂದು ಬೋಳು ಕಾಂಡದ ಗಿಣ್ಣಿನ ಮೇಲೆ ಉಗುರಿಟ್ಟು ತೋರಿಸಿದರು. ಅಲ್ಲೊಂದು ಸಾಸಿವೆಯಷ್ಟು ಉಬ್ಬು.

"ಇದು ಕಣ್ಣು. ಮಲಗಿದೆ, ಸತ್ತಿಲ್ಲ. ತುದಿಯಲ್ಲಿ ಕೂತಿರೋ ಕುಡಿ ಇದೆಯಲ್ಲ, ಅದು ಕೂಡುಕುಟುಂಬದ ಯಜಮಾನ. ಅದು ಇರೋ ತನಕ ಕೆಳಗಿನವರು ಬಾಯಿ ಬಿಡೋ ಹಾಗಿಲ್ಲ."

ಶಾಲೆಯಲ್ಲಿ ಉರು ಹೊಡೆದಿದ್ದ ಆಕ್ಸಿನ್ ಎಂಬ ಹಾರ್ಮೋನು ನನಗೆ ಅರ್ಥವಾದದ್ದು ಆಗ. ಅದು ತುದಿಯಲ್ಲಿ ತಯಾರಾಗಿ ಕೆಳಗಿಳಿಯುತ್ತ ಪಕ್ಕದ ಕಣ್ಣುಗಳನ್ನೆಲ್ಲ ನಿದ್ದೆಯಲ್ಲಿಟ್ಟಿರುತ್ತದೆ. ತುದಿ ಹೋದರೆ ಕಣ್ಣು ಬಿಡುತ್ತವೆ. ದಾಸವಾಳ ಹೂ ಬಿಡುವುದೇ ಹೊಸ ಚಿಗುರಿನಲ್ಲಿ. ಹಳೇ ಕಾಂಡ ಬರೀ ಹೊರೆ. "ಮಲ್ಲಿಗೆ ಬೆಳೆಯೋರು ಡಿಸೆಂಬರ್, ಜನವರಿಯಲ್ಲಿ ನೀರು ನಿಲ್ಸಿ, ಎಲೆ ಉದುರ್ಸಿ, ಗಿಡಾನ ಸವರ್ತಾರೆ. ದಯಾದಾಕ್ಷಿಣ್ಯ ನೋಡಿದ್ರೆ ಬೇಸಿಗೆಗೆ ಹೂ ಎಲ್ಲಿಂದ ಬರುತ್ತೆ?" ಎಂದರು ಭಾವ.

ಅವರ ಲೆಕ್ಕ ನಾಜೂಕಾಗಿತ್ತು. ಈ ವರ್ಷ ಮೂರು ಕಾಂಡ, ಬರೋ ವರ್ಷ ಮೂರು, ಅದರಾಚೆ ವರ್ಷ ಮೂರು. "ಗಿಡಕ್ಕೂ ಗೊತ್ತಾಗಬಾರದು, ಅತ್ತೆಗೂ ಗೊತ್ತಾಗಬಾರದು." ಅಮ್ಮ ಹಿತ್ತಿಲಲ್ಲಿದ್ದಾಗ ಗರಗಸದಲ್ಲಿ ಮೂರು ಕಾಂಡ ಇಳಿಸಿದರು. ಹೊರಮುಖದ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ. ಆಮೇಲೆ ಊಟ ಮಾಡಿ ಮಲಗಿದರು.

ಗರಗಸ ಅಲ್ಲೇ ಬಿದ್ದಿತ್ತು. ಒಂದು ಕಾಂಡ ಕೊಯ್ದರೆ ಇನ್ನೊಂದು ಉದ್ದವೆನಿಸುತ್ತದೆ. ಅದನ್ನು ಕೊಯ್ದರೆ ಮತ್ತೊಂದು. ಸಮ ಮಾಡುತ್ತ ಮಾಡುತ್ತ ನಾಲ್ಕು ಗಂಟೆಯ ಕಾಫಿ ಹೊತ್ತಿಗೆ ಮುಂದಿನ ಎರಡು ವರ್ಷದ ಕೆಲಸವನ್ನೂ ಮುಗಿಸಿದ್ದೆ. ಅದೇ ಉಮೇದಿನಲ್ಲಿ ಕಣಗಿಲೆಯನ್ನೂ ಬೋಳಿಸಿ, ಕಡ್ಡಿಗಳನ್ನು ಬಚ್ಚಲೊಲೆಗೆ ಹೊರೆ ಕಟ್ಟುತ್ತಿದ್ದಾಗ ಭಾವ ಎದ್ದು ಓಡಿಬಂದರು. "ಅದರ ಹೊಗೇನೂ ವಿಷ! ಗಿಡ ತೆಗೆದಿದ್ದು ಸಾಕು, ಮನೆಯೋರನ್ನ ಉಳಿಸು."

ನೆಲದಿಂದ ಮೊಣಕಾಲೆತ್ತರಕ್ಕೆ ಒಂಬತ್ತು ಮೋಟು. ಅವುಗಳ ತಲೆಗೆ ಭಾವ ಮೈಲುತುತ್ತ, ಸುಣ್ಣ ಕಲಸಿದ ನೀಲಿ ಸರಿ ಬಳಿದರು. ಬಿದ್ದ ರೆಂಬೆಗಳಿಂದ ಪೆನ್ಸಿಲ್ ದಪ್ಪದ ಹತ್ತು ತುಂಡು ಆರಿಸಿ, ಹಾಲಿನ ಪ್ಯಾಕೆಟ್ಟಿಗೆ ಮಣ್ಣು ತುಂಬಿ ನೆರಳಲ್ಲಿ ನೆಟ್ಟರು. "ಒಂದು ಪಕ್ಷ ಹೋದರೆ ಇರಲಿ" ಎಂದು ಹೇಳಿ ಸಂಜೆ ಬಸ್ಸಿಗೇ ಹೊರಟುಬಿಟ್ಟರು. ಅಮ್ಮ ಒಂದು ಮಾತೂ ಆಡಲಿಲ್ಲ. ಜಗಲಿಯಲ್ಲಿದ್ದ ತನ್ನ ಬೆತ್ತದ ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿ ಕೂತಳು.

ಮರುದಿನದಿಂದ ಬೀದಿಯ ಸಂತಾಪ. "ಗಿಡ ತಿರುಪತಿಗೆ ಹೋಗಿ ಬಂತಾ?" ಎಂದರು ಒಬ್ಬರು. "ನೀಲಿ ಔಷಧಿ ಹಚ್ಚಿದೀರಿ, ಆಪರೇಷನ್ನಾ?" ಎಂದರು ಇನ್ನೊಬ್ಬರು. ರಾಯರು ಮಾತ್ರ ದೋಟಿಯನ್ನು ಆಕಾಶಕ್ಕೆತ್ತಿ, ಅಲ್ಲೇನೂ ಇಲ್ಲದ್ದನ್ನು ಕಂಡು ಮೆಲ್ಲನೆ ಇಳಿಸಿದರು. ಅವತ್ತು ಅವರು ಕುಂಟಿದ್ದು ನಟನೆಯಲ್ಲವೆನಿಸಿತು.

ಮೂರನೇ ವಾರ ಒಂದು ಮೋಟಿನ ಪಕ್ಕದಲ್ಲಿ ಗಿಳಿಮೂಗಿನಂಥ ಹಸಿರು. ಯುಗಾದಿ ಹೊತ್ತಿಗೆ ಮೋಟಿಗೆ ನಾಲ್ಕರಂತೆ, ಐದರಂತೆ ಚಿಗುರು. ಕುರ್ಚಿ ಕಾಲುಭಾಗ ತಿರುಗಿತ್ತು. ವೈಶಾಖದಲ್ಲಿ ಎದೆಯೆತ್ತರಕ್ಕೆ ಬಂದ ಪೊದೆಯಲ್ಲಿ ಮೊಗ್ಗು ಕಂಡಾಗ ಅರ್ಧ. ಒಂದೇ ಬೆಳಗಿಗೆ ಹದಿನೇಳು ಹೂ ಅರಳಿ, ಎಲ್ಲವೂ ಕಾಂಪೌಂಡಿನ ಈಚೆಗೇ ಇದ್ದಾಗ, ಕುರ್ಚಿ ಪೂರಾ ಗಿಡದ ಕಡೆ ತಿರುಗಿತು. "ನಾನು ಆಗಲೇ ಹೇಳಿದ್ದೆ, ಸವರಿದರೆ ಚೆನ್ನಾಗಿ ಬರುತ್ತೆ ಅಂತ" ಎಂದಳು ಅಮ್ಮ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ರಾಯರು ದೋಟಿಯಿಲ್ಲದೆ, ಮೊದಲ ಸಲ ಗೇಟು ತೆಗೆದು ಒಳಗೆ ಬಂದರು. ಹಾಲಿನ ಪ್ಯಾಕೆಟ್ಟಿನಲ್ಲಿ ಬದುಕಿದ ಏಳು ಸಸಿಗಳ ಮೇಲೆ ಅವರ ಕಣ್ಣು.

"ಒಂದು ತಗೊಳ್ಳಿ ರಾಯರೇ, ಕೊಡೋಣವಂತೆ."

"ಕೊಡಬೇಡಿ," ಎಂದು ಗಾಬರಿಯಾದರು. "ಕೇಳಿ ತಂದ ಗಿಡ ಹತ್ತಲ್ಲ. ಕದ್ದದ್ದೇ ಬರೋದು. ನೀವು ಒಂದು ನಿಮಿಷ ಆ ಕಡೆ ತಿರುಗಿ ನಿಂತರೆ..."

ನಾನು ಗೋಡೆಗೆ ಮುಖ ಮಾಡಿ ನಿಂತೆ. ಕುರ್ಚಿ ಮಾತ್ರ ಅಲುಗಲಿಲ್ಲ. ಅಮ್ಮ ಜಪಸರ ತೆಗೆದುಕೊಂಡು ಕಣ್ಣು ಮುಚ್ಚಿದಳು. ಗೇಟು ಹಾಕಿದ ಸದ್ದಾದ ಮೇಲೆ ಅಂದಳು:

"ಎಂಬತ್ತೆಂಟರಲ್ಲಿ ನಾನು ತರುವಾಗಲೂ ಆ ಮನೆಯಾಕೆ ಹೀಗೇ ಜಪ ಮಾಡ್ತಾ ಕೂತಿದ್ದಳು."