ಇಂಜಿನ್ ದೀಪ ಹತ್ತಿದರೆ: ಮಾಲೀಕರ ಕೈಪಿಡಿ

ಬೇಕಾಗುವ ಸಾಮಗ್ರಿ: ಒಂದು ಕಾರು, ಒಂದು ಸ್ಕ್ಯಾನರ್, ಬುದ್ಧಿ ಹೇಳಲು ಒಬ್ಬ ಭಾವಮೈದ. ಮೂರನೆಯದನ್ನು ಹುಡುಕಬೇಕಿಲ್ಲ, ಬಾನೆಟ್ ಎತ್ತಿದರೆ ಬಂದು ನಿಲ್ಲುತ್ತಾನೆ.

ಹಂತ 1. ಹಳದಿ ದೀಪ ಹತ್ತಿದ ಮೊದಲ ವಾರ ಅದನ್ನು ನೋಡದವರಂತೆ ಗಾಡಿ ಓಡಿಸುವುದು ನಮ್ಮ ಸಂಪ್ರದಾಯ. ಮಿನುಗುತ್ತಿದ್ದರೆ ಮಾತ್ರ ಸಂಪ್ರದಾಯ ಬಿಟ್ಟು ಗಾಡಿ ಬದಿಗೆ ಹಾಕಿ. ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಅಲ್ಲಿ ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿ ಹಿಡಿದು ಕೆಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ, ಕನ್ವರ್ಟರನ್ನೂ ಸುಡುತ್ತದೆ. ಅದರಲ್ಲಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಹೊಸದರ ಬೆಲೆಯನ್ನು ಮನೆಯಲ್ಲಿ ವಿವರಿಸುವಾಗ ಈ ಹೆಸರುಗಳು ಬಾಯಲ್ಲಿರಲಿ.

ಹಂತ 2. ಸ್ಟೀರಿಂಗ್ ಕೆಳಗೆ ತಲೆ ತೂರಿಸಿ 16 ಪಿನ್ನಿನ ಸಾಕೆಟ್ ಹುಡುಕಿ. ಅಮೆರಿಕದಲ್ಲಿ 1996ರಿಂದ, ನಮ್ಮ ಬಿಎಸ್-4 ಕಾರುಗಳಿಗೆ 2013ರಿಂದ ಒಬಿಡಿ-2 ಎಂಬ ಈ ತಪಾಸಣಾ ವ್ಯವಸ್ಥೆ ಕಡ್ಡಾಯ. ಸ್ಕ್ಯಾನರ್ ಸಿಕ್ಕಿಸಿದರೆ ಪಿ0171, ಪಿ0301 ಎಂದೇನೋ ಕೋಡ್ ಬರುತ್ತದೆ. ಪಿ ಅಂದರೆ ಇಂಜಿನ್, ಗೇರ್‌ಬಾಕ್ಸ್ ಕಡೆಯ ತಕರಾರು. ಅದರ ಮುಂದೆ ಸೊನ್ನೆ ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ದರೆ ಆಯಾ ಕಂಪನಿಯ ಸ್ವಂತ ಲಿಪಿ.

ಹಂತ 3. ಸೆನ್ಸರ್ ಬದಲಿಸಿ. ದೀಪ ಮತ್ತೆ ಹತ್ತಿದರೆ ಇನ್ನೊಂದು ಸೆನ್ಸರ್ ಬದಲಿಸಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಅಂಗಡಿಯವರು ನಿಮ್ಮನ್ನು ಹೆಸರು ಹಿಡಿದು ಕರೆಯುವವರೆಗೂ ಮುಂದುವರಿಸಿ.

ಹಂತ 4. ಇದು ದುಡ್ಡು ಮುಗಿದವರಿಗೆ. ಕೋಡ್ ಎಂಬುದು ಬರೀ ಎಫ್‌ಐಆರ್, ತೀರ್ಪಲ್ಲ. ಹಂತ 3ರಲ್ಲಿ ನೀವು ಮಾಡಿದ್ದು ದೂರು ಕೊಟ್ಟವನನ್ನೇ ಒಳಗೆ ಹಾಕುವ ಕೆಲಸ. ಪಿ0171 ಬಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಅದನ್ನು ಪತ್ತೆ ಹಚ್ಚಿದ್ದೇ ಆಕ್ಸಿಜನ್ ಸೆನ್ಸರ್. ಬಹಳ ಕಡೆ ಮೊದಲು ಕೆಲಸ ಕಳೆದುಕೊಳ್ಳುವುದೂ ಅದೇ.

ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ಎಂಬ ಲೆಕ್ಕವಿದೆ: ಗಾಳಿಗೆ ಸರಿದೂಗಿಸಲು ಗಾಡಿ ತಾನಾಗಿ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬುದು. ಗಾಡಿ ನ್ಯೂಟ್ರಲ್‌ನಲ್ಲಿ ಸುಮ್ಮನೆ ನಿಂತು ಓಡುವಾಗ ಅದು ಪ್ಲಸ್ 20ರ ಸುಮಾರಿಗಿದ್ದು, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯತ್ತ ಇಳಿದರೆ, ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟು ಕಳ್ಳಗಾಳಿ ಒಳಗೆ ಹೋಗುತ್ತಿದೆ. ರೇಡಿಯೋ ಆರಿಸಿ, ಭಾವಮೈದನನ್ನು ಕಾಫಿಗೆ ಕಳಿಸಿ, ಕಿವಿಗೊಡಿ: ಸಣ್ಣಗೆ ಸುಯ್ ಎನ್ನುತ್ತಿರಬಹುದು. ಅಂಥ ರಬ್ಬರ್ ಪೈಪಿಗೆ ಎಷ್ಟು ಮಹಾ ಬೆಲೆ! ಏರಿಸಿದಾಗ, ಭಾರ ಬಿದ್ದಾಗ ಟ್ರಿಮ್ ಕೂಡ ಏರಿದರೆ ಫ್ಯೂಯೆಲ್ ಪಂಪು, ಫಿಲ್ಟರ್ ಕಡೆ ನೋಡಿ. ಏರ್‌ಫ್ಲೋ ಸೆನ್ಸರಿಗೆ ಧೂಳು ಹಿಡಿದಿದ್ದರೂ ಹೀಗಾಗುತ್ತದೆ, ಸ್ವಚ್ಛಗೊಳಿಸಿ ನೋಡುವ ಮುನ್ನ ಬಿಸಾಡಬೇಡಿ.

ಪಿ0301 ಇನ್ನೂ ಸುಲಭ: ಒಂದನೇ ಸಿಲಿಂಡರಿನ ಮಿಸ್‌ಫೈರ್. ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ ಇರುವ ಗಾಡಿಯಾದರೆ ಇಂಜಿನ್ ಆರಿಸಿ, ಒಂದು ಮತ್ತು ಎರಡರ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ, ಒಂದು ಸುತ್ತು ಹೋಗಿಬನ್ನಿ. ಈಗ ಪಿ0302 ಬಂದರೆ ಕಳ್ಳ ಕಾಯಿಲ್ಲೇ. ಪಿ0301 ಅಲ್ಲೇ ಕೂತಿದ್ದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ನೋಡಿ. ವೈರಿಗೆ ಇಲಿಯ ಹಲ್ಲು ತಾಗಿದೆಯೋ ಅದನ್ನೂ ನೋಡಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಗ್ಯಾರೇಜಿನವರು ತಾವಾಗಿ ಮಾಡುವುದು ಅಪರೂಪ. ಖರ್ಚಿಲ್ಲ ಎಂಬುದೇ ಕಾರಣವಿದ್ದೀತು.

ಹಂತ 5. ಬ್ಯಾಟರಿ ಟರ್ಮಿನಲ್ ಬಿಚ್ಚಿ ದೀಪ ಆರಿಸಿ ಎಂದು ಭಾವಮೈದ ಕಾಫಿ ಮುಗಿಸಿ ಬಂದು ಹೇಳುತ್ತಾನೆ. ಆರುವುದು ನಿಜ. ಜೊತೆಗೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗಬಹುದು: ತೊಂದರೆಯಾದ ಕ್ಷಣದಲ್ಲಿ ಗಾಡಿಯ ವೇಗ, ಆರ್‌ಪಿಎಂ, ಕೂಲೆಂಟಿನ ಬಿಸಿ ಎಷ್ಟಿತ್ತೆಂಬ ದಾಖಲೆ ಅದು. ಮೂಲ ಕಾರಣ ಉಳಿದಿದ್ದರೆ ದೀಪ ಮತ್ತೆ ಹತ್ತುತ್ತದೆ, ಈ ಸಲ ಹಳೆಯ ಪುರಾವೆಯಿಲ್ಲದೆ.

ಆದ್ದರಿಂದ ಅಳಿಸುವ ಮುನ್ನ ಸ್ಕ್ಯಾನರ್ ಪರದೆಯ ಫೋಟೊ ತೆಗೆದುಕೊಳ್ಳಿ. ಗ್ಯಾರೇಜಿನಲ್ಲಿ ‘ಸೆನ್ಸರ್ ಹೋಗಿದೆ ಸಾರ್’ ಅಂದರೆ, ಯಾವ ಕೋಡ್, ಯಾವ ಪರೀಕ್ಷೆ ಮಾಡಿ ಹೇಳುತ್ತಿದ್ದೀರಿ ಎಂದು ಕೇಳಿ. ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.