ಹುಲಿಗಿಂತ ಹಿಂದೆ ನಿಂತವರ ಕಾಟ

ಆಡು-ಹುಲಿ ಆಟಕ್ಕೆ 23 ಮನೆ, 3 ಹುಲಿ, 15 ಆಡು. ಕೋಲಾರದ ಕಡೆ ಅರಳಿಕಟ್ಟೆಯ ಚಪ್ಪಡಿ ಮೇಲೆ ಸೀಮೆಸುಣ್ಣದ ಗೆರೆ ಎಳೆದರೆ ರಣರಂಗ ಸಿದ್ಧ. ಮಾಲೂರಿನಲ್ಲಾದರೆ ಒಡೆದ ಹೆಂಚಿನ ಚೂರೇ ಹುಲಿ, ಹುಣಸೆಬೀಜವೇ ಆಡು. ಹದಿನೈದೂ ಇಳಿಯುವ ತನಕ ಆಡು ಕದಲುವಂತಿಲ್ಲ. ಹುಲಿಗೆ ಮಾತ್ರ ಮೊದಲಿಂದಲೂ ಓಡಾಟ, ಹಾರಾಟ, ಊಟ. ಹಾಗಾಗಿ ಆಡಿನವನು ಮೂರು ನಡೆ ಮುಂದೆ ಯೋಚಿಸಲೇಬೇಕು. ಬೆನ್ನ ಹಿಂದಿನ ಮನೆ ಖಾಲಿ ಬಿಟ್ಟನೋ, ಆಡು ಹೋಯಿತು.

ಯೋಚನೆ ಕೆಡಿಸುವವನು ಎದುರಾಳಿಯಲ್ಲ, ನೋಡಲು ನಿಂತವನು. “ಅಲ್ಲಿ ಇಕ್ಕಬ್ಯಾಡಣ್ಣ, ಹುಲಿ ಎಗರುತ್ತೆ!” ಮುಳಬಾಗಿಲಿನವನಂತೂ ಕನ್ನಡದಲ್ಲಿ ಆಡು ಕಾಯುತ್ತಾನೆ, ತೆಲುಗಿನಲ್ಲಿ ಹುಲಿಗೆ ದಾರಿ ತೋರಿಸುತ್ತಾನೆ. ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಇನ್ನೂ ಮೇಲು. ಹೂವು ನೋಡಿಯೇ ತೋಟದ ಫಸಲಿಗೆ ಬೆಲೆ ಕಟ್ಟಿದ ಅಭ್ಯಾಸ. ಎರಡು ಆಡು ಇಳಿಯುವಷ್ಟರಲ್ಲಿ ಗೆದ್ದವರಾರೆಂದು ಸಾರಿ ಟೀ ಕುಡಿಯಲು ಹೊರಟುಬಿಡುತ್ತಾನೆ. ತಪ್ಪಾದರೆ ಕೇಳೋಣವೆಂದರೆ ಆಸಾಮಿಯೇ ಇರುವುದಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನೇ ರೂಪಿಸಿದವರು. ಅರಮನೆಯಲ್ಲಿ ಅವರ ಹಿಂದೆ ನಿಂತು ನಡೆ ಹೇಳಿಕೊಡುವ ಧೈರ್ಯ ಯಾರಿಗಿತ್ತು? ನಮ್ಮ ಕಟ್ಟೆಗೆ ಬಂದಿದ್ದರೆ, “ಬುದ್ಧೀ, ಆ ಕಾಯಿ ಮುಟ್ಟಬ್ಯಾಡಿ” ಅಂತ ಒಬ್ಬನಾದರೂ ಅಂದೇ ಅನ್ನುತ್ತಿದ್ದ.